ತಾಳಿ ಕಟ್ಟುವ ಫೋಟೋ ಇಲ್ಲದ ಲಗ್ನ

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ವಿನಿಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಯಚೂರಿನ ಗಲ್ಲಿಯೊಂದರ ಕತ್ತಲೆ ಕೋಣೆ, ತಂತಿಗೆ ಜೋತುಬಿದ್ದ ಹಸಿ ಫೋಟೋಗಳು, ಅಂಥದೇ ವಾಸನೆಯ ಫೋಟೋ ತೊಳೆಯುವ ರಸಾಯನಕ್ಕೆ ಬೆರಳ ತುದಿ ಕಂದುಗಟ್ಟಿದ್ದ ಫೋಟೋಗ್ರಾಫರ್ ಚಾಚಾ… ಎಲ್ಲ ಒಟ್ಟಿಗೆ ನೆನಪಾದವು. ಹಿಂದೆಯೇ ಸಿಟ್ಟೂ ಬಂತು. ನಲವತ್ತು ವರ್ಷ ದಾಟಿದರೂ ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಪೂರ್ತಿ ಆರಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಗಿಲ್ಲೆಸುಗೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ರಾಯಚೂರಿನಲ್ಲಿ ಒಂದು ಬಾಡಿಗೆ ಖೋಲಿ. ಅಪ್ಪ, ಅವ್ವ, ತಂಗಿ ದೇವದುರ್ಗದಲ್ಲಿದ್ದರು. ಹತ್ತಿಯ ಮೂಟೆ ಹೊತ್ತು ಬದುಕಿದ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲಿಗ ನಾನು. ಹಾಗಾಗಿ ತಂಗಿಯ ಲಗ್ನದ ಓಡಾಟವೆಲ್ಲ ನನ್ನ ತಲೆಗೇ ಬಿತ್ತು. ಚಿಕ್ಕಂದಿನಲ್ಲಿ ಕುದಿಯುವ ಅಂಬಲಿ ಬಿದ್ದು ಅವಳ ಎಡಗೆನ್ನೆಯಿಂದ ಗದ್ದದವರೆಗೆ ಸುಟ್ಟ ಕಲೆ ಉಳಿದಿತ್ತು. ಗಂಡಿನ ಕಡೆಯವರಿಗೆ ಮೊದಲು ಹೋಗುವುದು ಫೋಟೋ. ಸ್ಟೇಷನ್ನಿನ ಕಡೆಯ ಒಂದು ಥಳಕಿನ ಸ್ಟುಡಿಯೋಕ್ಕೆ ಅವಳನ್ನು ಕರೆದೊಯ್ದೆ. ಅಲ್ಲಿಯವನು ಪೆನ್ಸಿಲಿನಿಂದ ತಿದ್ದಿ ಕಲೆಯನ್ನೇ ಮಾಯ ಮಾಡಿದ. ನಾವೆಲ್ಲ ಹಿಗ್ಗಿದೆವು. ತಂಗಿ ಮಾತ್ರ ಆ ಫೋಟೋವನ್ನು ಒಂದು ಸಲ ನೋಡಿ ಕೆಳಗಿಟ್ಟಳು.

ಫೋಟೋ ಮೆಚ್ಚಿ ಗಂಡಿನವರು ಬಂದರು. ಅವಳು ಚಹಾ ತಂದಳು. ಗಂಡಿನ ಸೋದರಮಾವ ಅವಳ ಮುಖ ನೋಡಿ, ಕೈಯಲ್ಲಿದ್ದ ಫೋಟೋ ನೋಡಿ, ಮೆಲ್ಲಗೆ ಕೇಳಿದ: “ಈ ಫೋಟೋದಾಗಿನ ಹುಡುಗಿ ಎಲ್ಲಿ ಅದಾಳ್ರಿ?”

ಗಂಡಿನವರು ಚಹಾ ಮುಗಿಸದೆ ಎದ್ದರು. ಆ ಸಂಜೆ ತಂಗಿ ಲೋಟ ತೊಳೆಯುತ್ತ, ತಲೆ ಎತ್ತದೆ ಅಂದಳು: “ಇನ್ನೊಂದು ಫೋಟೋ ತೆಗಿಸೂದಾದ್ರ, ನಾ ಹೆಂಗ ಇದೀನೋ ಹಂಗ ತೆಗಿಯವ್ರನ್ನ ಹುಡುಕಣ್ಣಾ. ಇಲ್ಲಂದ್ರ ಬ್ಯಾಡ.”

ಹಾಗೆ ಹುಡುಕಿ ಸಿಕ್ಕವರು ಚಾಚಾ. ರಾಯಚೂರಿನ ಬಟ್ಟೆ ಬಜಾರಿನ ಹಿಂದಿನ ಗಲ್ಲಿಯಲ್ಲಿ ಅವರ ಸಣ್ಣ ಸ್ಟುಡಿಯೋ. ಗಿರಾಕಿಗಳು ಕಡಿಮೆ, ಹಟ ಜಾಸ್ತಿ. ದೇವದುರ್ಗದಿಂದ ಬಸ್ಸಿನಲ್ಲಿ ತಂಗಿಯನ್ನು ಕರೆತಂದರೆ, ಮೋಡ ಅದ ಎಂದು ವಾಪಸ್ ಕಳಿಸಿದರು. ಎರಡನೆಯ ಸಲ, ಹುಡುಗಿ ಹೆದರಿದ್ದಾಳೆ, ಹೆದರಿದ ಮುಖ ಅವಳದಲ್ಲ ಎಂದು ಕಳಿಸಿದರು. ನನ್ನ ಎರಡು ರಜೆ ಹೋದವು, ಅವ್ವನ ಬೈಗುಳ ಬೇರೆ. ಮೂರನೆಯ ಸಲ ನಾನೇ ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ, ಸ್ವಲ್ಪ ಬಲಗಡೆ ಕಾಣುವ ಹಾಗೆ ಕೂರಿಸಿ ಎಂದು.

“ನಕ್ಕೋ ಮಾಸ್ತರ, ಬ್ಯಾಡ,” ಅಂದರು. “ನೀವು ಹೊರಗ ಕುಂದರ್ರಿ.”

ಪರದೆಯ ಸಂದಿನಲ್ಲಿ ನೋಡಿದೆ. ಪುಣ್ಯಾತ್ಮ ಅವಳ ಸುಟ್ಟ ಕೆನ್ನೆಯನ್ನೇ ಕಿಟಕಿಯ ಬೆಳಕಿಗೆ ತಿರುಗಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಒಳಗೆ ತಂಗಿ ಏನೋ ಹೇಳಿ ನಗುತ್ತಿದ್ದಳು. ಮನೆಯ ಹೊರಗೆ ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ಫೋಟೋ ಮಾನ್ವಿಗೆ ಹೋಯಿತು. ಹುಡುಗ ಅಲ್ಲಿಯ ಅಂಚೆ ಕಚೇರಿಯಲ್ಲಿದ್ದ. ನೋಡಲು ಬಂದವನು ಅವಳನ್ನು ಒಮ್ಮೆ ನೋಡಿ, “ಫೋಟೋದಾಗ ಇದ್ದಂಗ ಅದಾರ,” ಅಂದ. ಮಾತು ಅಷ್ಟರಲ್ಲೇ ಮುಗಿದು ಲಗ್ನ ಗೊತ್ತಾಯಿತು.

ಲಗ್ನದ ಫೋಟೋಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಅಪ್ಪನಿಗೆ ಸ್ಟೇಷನ್ ಕಡೆಯವನ ಕಲರ್ ಫೋಟೋದ ಆಸೆ. ತಂಗಿ ಚಾಚಾ ಬರದಿದ್ದರೆ ಫೋಟೋವೇ ಬೇಡ ಎಂದು ಕೂತಳು. ನಾನು ಅವಳ ಪರ ನಿಂತೆ. ಅದೇ ನನ್ನ ತಪ್ಪು. ಹಿಂದಿನ ದಿನವೇ ದೇವದುರ್ಗಕ್ಕೆ ಬಂದುಬಿಡಿ ಎಂದು ಚಾಚಾಗೆ ನಾಲ್ಕು ಸಲ ಹೇಳಿದ್ದೆ. ಅವರು ಲಗ್ನದ ದಿನ ಬೆಳಗಿನ ಬಸ್ಸು ಹತ್ತಿದರು. ಬಸ್ಸು ದಾರಿಯಲ್ಲಿ ಕೆಟ್ಟಿತು. ಹಂದರದಲ್ಲಿ ಎಲ್ಲರ ಕಣ್ಣು ನನ್ನ ಮೇಲೆ. ನನ್ನ ಕಣ್ಣು ರಸ್ತೆಯ ಮೇಲೆ. ತಾಳಿ ಕಟ್ಟಿ, ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಏಳುವ ಹೊತ್ತಿಗೆ ಕ್ಯಾಮೆರಾ ಚೀಲ ಎದೆಗೆ ಅವಚಿಕೊಂಡು, ಮೈಯೆಲ್ಲ ಧೂಳಾಗಿ ಬಂದರು.

ಬೀಗರ ಹಿರಿಯರು ದೊಡ್ಡ ಮನಸ್ಸು ಮಾಡಿದರು. “ಆಗ್ಲಿ ಬಿಡ್ರಿ, ಹುಡುಗ ಇನ್ನೊಮ್ಮೆ ತಾಳಿ ಹಿಡಕೊಂಡು ನಿಂದರತಾನ. ಒಂದು ಫೋಟೋ ಹೊಡೀರಿ.”

ಚಾಚಾ ತಲೆಯಾಡಿಸಿದರು. “ತಪ್ಪು ನಂದು. ತಡಾ ಆತು. ಆದ್ರ ಕಟ್ಟಿ ಆಗ್ಯಾದಲ್ರೀ. ಮತ್ತ ಕಟ್ಟಿದಂಗ ಮಾಡಿದ್ರ ಅದು ನಾಟಕ ಆಗತದ.”

ಅಪ್ಪ ಕೈ ಮುಗಿದರು. ನಾನು ಎಲ್ಲರೆದುರು ಕೂಗಾಡಿದೆ. ಆ ಮನುಷ್ಯ ಕದಲಲಿಲ್ಲ. ಕಡೆಗೆ ತಂಗಿಯೇ, “ಅಣ್ಣಾ, ಸಾಕು ಬಿಡು,” ಅಂದಳು. ಚಾಚಾ ಆಮೇಲೆ ಊಟದ ಪಂಕ್ತಿ, ಅವ್ವ, ನೀರು ಬಡಿಸುವ ಹೆಂಗಸರು ಎಂದು ಯಾವ್ಯಾವುದೋ ಫೋಟೋ ತೆಗೆದರು. ತಾಳಿ ಕಟ್ಟುವುದು ಒಂದೂ ಇಲ್ಲ. ಸಾಯುವವರೆಗೂ ಅಪ್ಪ ಇದನ್ನು ಹಬ್ಬಕ್ಕೊಮ್ಮೆ ನನಗೆ ಎತ್ತಿ ಆಡಿದರು.

ಎಂಬತ್ತರ ದಶಕದಲ್ಲಿ ನನ್ನ ಲಗ್ನವಾಯಿತು. ಹಟಕ್ಕೆ ಬಿದ್ದು ಸ್ಟೇಷನ್ ಕಡೆಯವನನ್ನೇ ಕರೆಸಿದೆ. ಅವನು ಹೇಳಿದ ಹಾಗೆ ತಾಳಿ ಹಿಡಿದು ಮೂರು ಸಲ ನಿಂತೆ, ಮೂರು ಸಲವೂ ಹೆಂಡತಿಯ ಕೂದಲು ಗಂಟಿಗೆ ಸಿಕ್ಕಿತು. ಕೆಲವು ದಿನಗಳ ನಂತರ ಬಜಾರಿನಲ್ಲಿ ಚಾಚಾ ಎದುರಾದರು.

“ಮಾಸ್ತರ, ಲಗ್ನ ಆತಂತ?”

“ಗಡಿಬಿಡ್ಯಾಗ ಆತು ಚಾಚಾ. ಫೋಟೋ ಗೀಟೋ ಏನೂ ತೆಗಿಸಲಿಲ್ಲ,” ಅಂದೆ.

“ಇರಲಿ. ಸುಖಾಗಿರ್ರಿ,” ಅಂದರು. “ಮಾನ್ವಿ ಬೇಟಿ ಹೆಂಗದಾಳ?” ಎಂದು ತಂಗಿಯ ಬಗ್ಗೆ ಕೇಳಿದರು. ಚೆನ್ನಾಗಿದ್ದಾಳೆ ಎಂದು ಹೇಳಿ ಬೇಗ ಬೇಗ ನಡೆದೆ. ಆಮೇಲೆ ಆ ಗಲ್ಲಿಯನ್ನೇ ತಪ್ಪಿಸಿ ಓಡಾಡಿದೆ.

ಒಂದೆರಡು ವರ್ಷದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ಅವರ ಸ್ಟುಡಿಯೋದ ಪಕ್ಕದ ಟೇಲರ್ ಬಜಾರಿನಲ್ಲಿ ಸಿಕ್ಕು ಹೇಳಿದ. ತಂಗಿಯನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾರಂತೆ. ನಾಳೆ ಹೋದರಾಯಿತು, ಬರುವ ವಾರ ಮಾನ್ವಿಗೆ ಕಾಗದ ಬರೆದರಾಯಿತು ಅಂದುಕೊಂಡೆ… ಮುಂದಿನ ಸಲ ಆ ಕಡೆ ಹೋದಾಗ ಅವರ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು.

ಚಾಚಾ ತೀರಿಕೊಂಡ ಸುದ್ದಿ ಹೇಳಲು ಮಾನ್ವಿಗೆ ಹೋದೆ. ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

“ಆರಾಮಿಲ್ಲಂತ ಒಂದು ಮಾತು ಮೊದಲ ಹೇಳಿದ್ರ ಬರತಿದ್ನಲ್ಲಣ್ಣಾ. ನನ್ನ ಮಾರಿ ನೋಡಿ ಅಯ್ಯೋ ಅನ್ನದಿದ್ದವ್ರು ಅವ್ರೊಬ್ರೇ.”

“ನನಗೂ ಗೊತ್ತಾಗಲಿಲ್ಲವ್ವಾ,” ಅಂದೆ.

ತಂಗಿ ಈಗ ಮಾನ್ವಿಯಲ್ಲಿ ಮೊಮ್ಮಕ್ಕಳೊಂದಿಗಿದ್ದಾಳೆ. ವಾರಕ್ಕೊಮ್ಮೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಮೊನ್ನೆ ನನಗೆ ಚಾಚಾ ನೆನಪಾದರು ಎಂದೆ. ಅವರು ಹಾಸಿಗೆ ಹಿಡಿದದ್ದು ನನಗೆ ಗೊತ್ತಿತ್ತು ಎಂಬ ನಿಜವನ್ನು ಆಗಲಾದರೂ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹಿಂದಿನ ದಿನವೇ ಬಸ್ಸು ಹತ್ತಲಿಲ್ಲವೆಂದು ಇಷ್ಟು ವರ್ಷ ಆ ಮನುಷ್ಯನನ್ನು ಬೈದವನು ನಾನು. ಅವರು ಕಾಯಿಲೆಯಿಂದ ಮಲಗಿದ್ದ ಮನೆ ನನ್ನ ಖೋಲಿಯಿಂದ ಹತ್ತು ನಿಮಿಷದ ದಾರಿಯಲ್ಲಿತ್ತು.