ನಮ್ಮ ಬಚ್ಚಲಿನ ಕರೆಂಟು, ನೆಗೆಣ್ಣಿಯ ಟೈಲ್ಸು

ನಮ್ಮ ನೆಗೆಣ್ಣಿಯ ಮನೆಯಲ್ಲಿ ಒಂದು ಬಲ್ಬು ಮಿಣುಕಿದರೂ ಸಾಕು, ಎಲೆಕ್ಟ್ರಿಷಿಯನ್‌ನ ಬೈಕು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಯಜಮಾನರು ಶರ್ಟಿನ ಜೇಬಿನಿಂದ ಟೆಸ್ಟರ್ ತೆಗೆಯುತ್ತಾರೆ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಇವರದು ಟೆಸ್ಟರ್. ಬೆಟಗೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅದರ ಮೋಟಾರು ನಿಂತಾಗಲೆಲ್ಲ ಇವರೇ ಬಿಚ್ಚಿ, ಜೋಡಿಸಿ, ಓಡಿಸುತ್ತಾರೆ. ಅಷ್ಟು ದೊಡ್ಡ ಮೋಟಾರನ್ನೇ ಪಳಗಿಸಿದವನಿಗೆ ಮನೆಯ ವೈರು ಯಾವ ಲೆಕ್ಕ ಎಂಬುದು ಇವರ ನಂಬಿಕೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮೊದಲು ಇದ್ದದ್ದು ಒಂದೇ ಮನೆ. ಅತ್ತೆ ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ಜಗಳವಾಗಿ ಅಲ್ಲ, ಮಕ್ಕಳು ದೊಡ್ಡವರಾದರೆಂದು. ಹಂಡೆ, ಕೊಪ್ಪರಿಗೆ, ಕಟ್ಟಿಗೆಯ ಪೆಟ್ಟಿಗೆ, ಜಗಲಿಯ ಮೇಲಿನ ದೇವರು, ಎಲ್ಲ ಪಾಲಾದವು. ಹಿತ್ತಲಿನ ಪತ್ರಿ ಗಿಡ, ಅಂದರೆ ಬಿಲ್ವ, ಅವಳ ಪಾಲಿಗೆ ಹೋಯಿತು. ಅತ್ತೆ ದಿನಾ ಜಳಕ ಮಾಡಿ ಬಂದವರೇ ಅದರ ಬುಡಕ್ಕೆ ಒಂದು ಕೊಡ ನೀರು ಹಾಕುತ್ತಿದ್ದರು. ಇಬ್ಬರು ಸೊಸೆಯರಲ್ಲಿ ಪೂಜೆಗೆ ಕೂರುವವಳು ನಾನು, ಗಿಡ ಅವಳದಾಯಿತು. ಸೋಮವಾರ ಬಂದರೆ ಗೋಡೆಯ ಮೇಲಿಂದ ಕೈ ಚಾಚಿ ಪತ್ರಿ ಕೇಳಬೇಕು. ಅವಳು ಒಂದು ದಿನವೂ ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ.

ಬೇರೆಯಾದ ಮೇಲೆ ಅವಳ ಮನೆಗೆ ಹೊಸ ವೈರಿಂಗ್ ಆಯಿತು. ಬಿಳಿ ಸ್ವಿಚ್ಚುಗಳು, ಒತ್ತಿದರೆ ಸದ್ದೇ ಇಲ್ಲ. ನಮ್ಮ ಮನೆಯಲ್ಲಿ ಇನ್ನೂ ಮಾವನವರ ಕಾಲದ ಕರಿ ಸ್ವಿಚ್ಚು, ಒತ್ತಿದರೆ ಬೀದಿಗೆ ಕೇಳಿಸುತ್ತದೆ. ಆಮೇಲೆ ಅವಳ ಹಿತ್ತಲಿಗೆ ಟೈಲ್ಸ್ ಬಂದವು. ಗಿಡವನ್ನು ಕಡಿಸಲಿಲ್ಲ, ಅಷ್ಟು ಪುಣ್ಯ. ಅದರ ಸುತ್ತ ಸಣ್ಣ ಕಟ್ಟೆ ಕಟ್ಟಿಸಿ ಉಳಿದ ಜಾಗವನ್ನೆಲ್ಲ ನುಣ್ಣಗೆ ಮಾಡಿಸಿದಳು. ಮಳೆ ಬಂದರೆ ನಾನು ಎರೆಮಣ್ಣನ್ನು ಕಾಲಿಗೆ ಮೆತ್ತಿಕೊಂಡು ಬಟ್ಟೆ ಒಣಹಾಕುವಾಗ ಅವಳು ಬಿಳಿ ಟೈಲ್ಸಿನ ಮೇಲೆ ಚಪ್ಪಲಿಯಿಲ್ಲದೆ ಓಡಾಡುತ್ತಿದ್ದಳು. ನೋಡಬಾರದೆಂದರೂ ಕಣ್ಣು ಅತ್ತಲೇ ಹೋಗುತ್ತಿತ್ತು.

ಅದೇ ವರ್ಷದ ಚಳಿಗಾಲದಲ್ಲಿ ನಮ್ಮ ಬಚ್ಚಲಿನ ನಲ್ಲಿ ಕೈಗೆ ಜುಮ್ಮೆನ್ನತೊಡಗಿತು. ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಇರುವೆ ಸಾಲು ಮೊಣಕೈವರೆಗೆ ಹರಿದಂತಾಗುತ್ತಿತ್ತು. ಹೇಳಿದೆ.

"ರೀ, ನಳದಾಗ ಕರೆಂಟ್ ಬರಾಕತ್ತೈತಿ."

"ಒಣ ಹವಾ ಐತಿ. ಅದು ಮೈಯಾಗಿನ ಕರೆಂಟ್."

"ಇಷ್ಟು ವರ್ಷ ಮೈಯಾಗ ಇಲ್ಲದ್ದು ಈಗ ಎಲ್ಲಿಂದ ಬಂತ್ರಿ?"

ಇವರು ಟೆಸ್ಟರ್ ತೆಗೆದು ನಲ್ಲಿಗೆ ಹಚ್ಚಿದರು. ಕೆಂಪಗೆ ಹತ್ತಿತು. ಇವರ ಮುಖ ಸ್ವಲ್ಪ ಇಳಿಯಿತು, ಆದರೆ ಉತ್ಸಾಹ ಏರಿತು. ಮೇನ್ ಸ್ವಿಚ್ ಇಳಿಸಿ, ಪ್ಲಗ್ ಬಿಚ್ಚಿ, ವೈರಿಗೆ ಕರಿ ಟೇಪು ಸುತ್ತಿದರು. ಕೆಲವು ದಿನ ಸುಮ್ಮನಿದ್ದು ಮತ್ತೆ ಹೊಡೆಯಿತು. ಇನ್ನಷ್ಟು ಟೇಪು ಸುತ್ತಿದರು. ಕೊನೆಗೆ ಪೂಜೆಗೆ ಕೂರುವ ನನ್ನ ಮಣೆಯನ್ನು ತಂದು ಬಚ್ಚಲಲ್ಲಿಟ್ಟು, "ಇದರ ಮ್ಯಾಲ ನಿಂತು ಜಳಕ ಮಾಡು, ಕಟ್ಟಿಗಿಗೆ ಕರೆಂಟ್ ಹತ್ತೂದಿಲ್ಲ" ಎಂದರು. ದೇವರ ಮುಂದಿನ ಮಣೆಯ ಮೇಲೆ ಒದ್ದೆ ಕಾಲಿಟ್ಟು ನಿಂತು, ಶಿವಾ ಶಿವಾ ಎನ್ನುತ್ತ ನಲ್ಲಿ ತಿರುಗಿಸುತ್ತಿದ್ದೆ. ಜುಮ್ಮೆಂದಿತೇ ಹೊರತು ಎತ್ತಿ ಒಗೆಯಲಿಲ್ಲ. ಅದನ್ನೂ ಅವನ ದಯೆ ಎಂದೇ ಹಿಡಿದೆ.

ನನ್ನೊಬ್ಬಳದೇ ಆಗಿದ್ದರೆ ಹಾಗೇ ನಡೆಸುತ್ತಿದ್ದೆನೇನೋ. ಆದರೆ ಮಗಳು ಬಸುರಿಯಾಗಿದ್ದಳು. ಅವಳ ಗಂಡನ ಮನೆ ಮುಂಡರಗಿ. ಚೊಚ್ಚಲ ಬಾಣಂತನ ತವರಿನದು. ಬಾಣಂತಿಗೂ ಕೂಸಿಗೂ ದಿನಾ ಮೈತುಂಬ ಎಣ್ಣೆ, ಕೊಡಗಟ್ಟಲೆ ಬಿಸಿನೀರು. ಆ ನಲ್ಲಿಯ ಕೆಳಗೆ ಹಸಿಮೈಯ ಬಾಣಂತಿಯನ್ನು ಹೇಗೆ ಕೂರಿಸಲಿ? ಗ್ಯಾಸಿನ ಮೇಲೆ ಕಾಯಿಸಿ ಹೊರೋಣವೆಂದರೆ ನನ್ನ ಸೊಂಟ ಒಪ್ಪದು. ಹಂಡೆಯ ಒಲೆಯನ್ನು ಗೀಸರ್ ಬಂದಾಗ ಇವರೇ ಒಡೆದುಹಾಕಿದ್ದರು.

ಈ ವಿಷಯ ನೆಗೆಣ್ಣಿಯ ಕಿವಿಗೆ ಬಿತ್ತು. ನಡುವಿನ ಗೋಡೆಗೆ ಕಿವಿ ಇದೆ. ಗೋಡೆಯ ಮೇಲೆ ಮೊಣಕೈ ಊರಿ ಕರೆದಳು.

"ಯಕ್ಕಾ, ಯಾಕ ಚಿಂತಿ ಮಾಡ್ತೀರಿ? ಬಾಣಂತನ ನಮ್ಮ ಮನ್ಯಾಗ ಮಾಡೂಣ್ರಿ. ನನಗರ ಎಲ್ಲಿ ಹೆಣ್ಣಮಕ್ಕಳು ಅದಾವ? ನಡುವ ಒಂದ ಗ್ವಾಡಿ, ಅಷ್ಟ ಅಲ್ಲೇನ್ರಿ?"

"ನೋಡೂಣ ಬಿಡವ್ವಾ" ಎಂದು ಒಳಗೆ ಬಂದೆ. ಅವಳಿಗೆ ಇಬ್ಬರೂ ಗಂಡುಮಕ್ಕಳು. ನನ್ನ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದು, ಹಬ್ಬಕ್ಕೆ ಬಳೆ ಇಡಿಸಿದ್ದು, ಹೆಚ್ಚಿನಂಶ ಅವಳೇ. ಕೂಡು ಮನೆಯಲ್ಲಿ ನಾನು ರೊಟ್ಟಿ ಬಡಿಯುವಾಗ ಕೂಸು ಅವಳ ಕಂಕುಳಲ್ಲಿರುತ್ತಿತ್ತು. ಪತ್ರಿ ಗಿಡ ಹೋಯಿತು, ಹೋಗಲಿ. ಬಾಣಂತನವೂ ಗೋಡೆಯ ಆಚೆಗೆ ಹೋದರೆ ತಾಯಿಯಾದವಳಿಗೆ ಏನು ಉಳಿಯಿತು?

ಫೋನಿನಲ್ಲಿ ಮಗಳಿಗೆ ಹೇಳಿದರೆ ಅವಳು ನಕ್ಕಳು. "ಯವ್ವಾ, ಚಿಗವ್ವನ ಮನ್ಯಾಗ ಆದ್ರ ಆತಲ್ಲ. ಅಲ್ಲಿ ನಳ ಮುಟ್ಟಿದ್ರ ನೀರಷ್ಟ ಬರತಾವು."

ತಮಾಷೆಗೇ ಅಂದಳು. ನಲ್ಲಿಯ ಜುಮ್ಮು ಅದರ ಮುಂದೆ ಏನೂ ಅಲ್ಲ.

ಅಂದು ಊಟಕ್ಕೆ ಬಡಿಸುತ್ತ ಇವರಿಗೆ ನೇರವಾಗಿ ಹೇಳಿದೆ. "ನಾಳೆ ಯಾರನ್ನರ ಕರಸ್ರಿ."

"ನಾ ಇರೂಮುಂದ ಮತ್ತೊಬ್ಬ ಯಾಕ? ಒಂದು ಐತವಾರ ಕುಂತ್ನೆಂದ್ರ ಮುಗೀತದು."

"ನಿಮ್ಮ ಐತವಾರ ಬರೂದ್ರಾಗ ಮಗಳು ಬಾಜೂ ಮನಿಗೆ ಹೋಗಿರತಾಳ. ನಿಮ್ಮ ತಮ್ಮ ಬಲ್ಬ್ ಹಾಕಾಕೂ ಮಂದಿ ಕರಸ್ತಾನ, ಅವನ ಹೇಣ್ತಿ ಸುಖದಾಗ ಅದಾಳ. ನೀವು ಎಲ್ಲಾ ಬಲ್ಲವರು, ನಾ ಮಣಿ ಮ್ಯಾಲ ನಿಂತು ಜಳಕ ಮಾಡ್ತೀನಿ."

ಇವರು ಮತ್ತೊಂದು ರೊಟ್ಟಿಗೆ ತಟ್ಟೆ ಚಾಚಿದರು. ಮರುದಿನ ನಾನೇ ಪೇಟೆಗೆ ಹೋದೆ. ನೆಗೆಣ್ಣಿಯನ್ನು ಕೇಳಿದ್ದರೆ ಎಲೆಕ್ಟ್ರಿಷಿಯನ್ ನಂಬರನ್ನು ಕೂಡಲೇ ಕೊಡುತ್ತಿದ್ದಳು. ಅದಕ್ಕೇ ಕೇಳಲಿಲ್ಲ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವನಿಗೆ ಒಬ್ಬ ಒಳ್ಳೆಯವನನ್ನು ಕಳಿಸೆಂದು ಹೇಳಿ ಬಂದೆ. ಎಲೆಕ್ಟ್ರಿಷಿಯನ್ ಶಿರಹಟ್ಟಿಯಲ್ಲಿ ಹೊಸ ಮನೆಯ ಕೆಲಸದಲ್ಲಿದ್ದಾನೆ, ಮುಗಿಸಿ ಬರುತ್ತಾನೆ ಎಂದ. ಬಂದ. ಬೈಕು ನೋಡಿದರೆ ಅದೇ ಬೈಕು. ನೆಗೆಣ್ಣಿಯ ಬಾಗಿಲಲ್ಲಿ ನಿಲ್ಲುವುದೇ.

"ಬಾಜೂ ಮನಿದು ನಾನ ಮಾಡೀನ್ರೀ ಅಕ್ಕಾರ" ಎಂದು ಹಲ್ಲು ಕಿಸಿದ. ನನಗೆ ನೆಲ ಬಿರಿಯಬಾರದೇ ಎನಿಸಿತು.

ಬಾಯಿಬಡುಕ ಮನುಷ್ಯ. ಪ್ಲಗ್ ಬಿಚ್ಚಿ ಇವರ ಟೇಪಿನ ಉಂಡೆಯನ್ನು ನೋಡಿ, "ಇದನ್ಯಾರು ಸುತ್ಯಾರ್ರಿ? ಕಾಲು ಮುರದವಂಗ ಪಟ್ಟಿ ಕಟ್ಟಿದಂಗ ಐತಿ" ಎಂದ.

"ಅದನ್ನ ಕಟ್ಟಿದ ಡಾಕ್ಟರ್ ನಿನ್ನ ಹಿಂದ ನಿಂತಾನ" ಎಂದರು ಇವರು.

ಇಬ್ಬರೂ ನಕ್ಕರು. ಅಲ್ಲಿಗೆ ಬಿಗಿ ಸಡಿಲಾಯಿತು. ಅವನು ಒಂದು ಬಲ್ಬಿಗೆ ಎರಡು ವೈರು ಕಟ್ಟಿ ಪ್ಲಗ್ಗಿನ ತೂತುಗಳಿಗೆ ಹಿಡಿದು ನೋಡಿದ. ಕೆಳಗಿನ ಎರಡು ತೂತಿಗೆ ಹಿಡಿದರೆ ಬಲ್ಬು ಹತ್ತಿತು. ಒಂದು ವೈರನ್ನು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ ಹಿಡಿದರೆ ಹತ್ತಲೇ ಇಲ್ಲ.

"ಗೀಸರ್ ಕಾಯಿಲ್ ಕೆಟ್ಟು ಕರೆಂಟ್ ಸೋರಾಕತ್ತೈತ್ರಿ. ಅದು ಭೂಮಿಗೆ ಇಳೀಬೇಕು. ಇಳ್ಯಾಕ ದಾರಿ ಇಲ್ಲ, ಅಕ್ಕಾರ ಕೈ ಹಿಡದೈತಿ. ಜೀವ ಹೋಗೂ ಕೆಲಸ ಇದು. ನಿಮ್ಮ ಅರ್ಥಿಂಗ್ ಕುಣಿ ಎಲ್ಲೈತಿ?"

ಇವರು ತಲೆ ಕೆರೆದುಕೊಂಡರು. ಹಿತ್ತಲಿಗೆ ಹೋಗಿ ನಿಂತು, ಗೋಡೆಯಾಚೆಗಿನ ಪತ್ರಿ ಗಿಡವನ್ನು ನೋಡಿ, "ಅಯ್ಯೋ" ಎಂದರು.

ಆಮೇಲೆ ಹೇಳಿದರು. ಮಾವನವರು ಮನೆಗೆ ಕರೆಂಟು ಹಾಕಿಸಿದಾಗ ಕುಣಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿದ್ದು ಆ ಗಿಡದ ಬುಡದ ಪಕ್ಕದಲ್ಲೇ. ನಮ್ಮ ಒಣ ನೆಲದಲ್ಲಿ ಕುಣಿ ಹಸಿಯಾಗಿರದಿದ್ದರೆ ಅದು ಕೆಲಸ ಮಾಡದು. ಬೇರೆ ಎಲ್ಲಿ ತೋಡಿಸಿದರೂ ನೀರು ಹಾಕುವುದನ್ನು ಮರೆಯುತ್ತಾರೆ, ಪತ್ರಿ ಗಿಡಕ್ಕಾದರೆ ಹೆಂಡತಿ ಒಂದು ದಿನವೂ ತಪ್ಪಿಸುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಪಾಲು ಮಾಡುವಾಗ ಸೌಟಿನವರೆಗೂ ಹಂಚಿಕೊಂಡವರು ನೆಲದೊಳಗಿನ ಕುಣಿಯನ್ನು ಯಾರೂ ನೆನೆಯಲಿಲ್ಲ.

ಎಲೆಕ್ಟ್ರಿಷಿಯನ್ ಪಕ್ಕದ ಮನೆಗೆ ನಡೆದ. ಅವನ ಹಿಂದೆ ನಾವೂ ಹೋದೆವು. ಅಲ್ಲಿಯೂ ಅರ್ಥಿಂಗಿಗೆ ಬಲ್ಬು ಹಿಡಿದು ನೋಡಿದ. ಹತ್ತಲಿಲ್ಲ. ಅವನ ನಗೆ ಅಲ್ಲಿಗೆ ನಿಂತಿತು. "ನಾ ಹೊಸಾ ವೈರ್ ಎಳದು ಈ ಹಳೇ ಕುಣಿಗೇ ಕೊಟ್ಟಿದ್ನೆಲ್ರಿ. ಇಲ್ಲೊಂದು ಕಬ್ಬಣದ ಪಟ್ಟಿ ಎದ್ದಿತ್ತಲ್ಲ?"

ನೆಗೆಣ್ಣಿ ಬಾಯಿಗೆ ಸೆರಗು ಹಿಡಿದಳು. "ಟೈಲ್ಸ್‌ನವರು ಕಾಲಿಗೆ ಹತ್ತತೈತಿ ಅಂತ ಕೊಯ್ದು ಒಗದ್ರು. ತುಕ್ಕು ಹಿಡದಿತ್ತು, ನಾನೂ ಹೂಂ ಅಂದೆ."

ಎರಡೂ ಮನೆಯ ತಂತಿ ಆ ಪಟ್ಟಿಗೇ ಸೇರಿತ್ತು. ಬಿಳಿ ಸ್ವಿಚ್ಚು, ನುಣುಪು ಟೈಲ್ಸು, ಎಲ್ಲ ಇದ್ದೂ ಅವಳ ಮನೆಗೂ ಅರ್ಥಿಂಗ್ ಇರಲಿಲ್ಲ. ಅವಳ ಗೀಸರ್ ಹೊಸದು, ಸೋರಿರಲಿಲ್ಲ, ಅಷ್ಟೇ. ಒಳಗೊಳಗೇ ನನಗೆ ಎಷ್ಟು ತಂಪಾಯಿತೆಂದರೆ ಕೆನ್ನೆ ಬಡಿದುಕೊಳ್ಳಬೇಕೆನಿಸಿತು.

"ಎರಡ ದಾರಿ ಅದಾವ" ಎಂದ ಎಲೆಕ್ಟ್ರಿಷಿಯನ್. "ಈ ಟೈಲ್ಸ್ ಒಡದು ಹಳೇ ಕುಣಿ ತಗೀಬೇಕು, ಇಲ್ಲಾ ಆ ಕಡೆ ಮಣ್ಣಾಗ ಹೊಸಾದು ತೋಡಬೇಕು."

"ಒಡೀರಿ" ಎಂದಳು ನೆಗೆಣ್ಣಿ, ಕಣ್ಣು ಮಿಟುಕಿಸುವಷ್ಟರಲ್ಲಿ. "ಟೈಲ್ಸ್ ಏನ್ರಿ, ಮತ್ತ ಬರತಾವು. ಹುಡುಗಿ ಬರೂದ್ರಾಗ ಆಗ್ಲಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಕೊಡುವುದರಲ್ಲೂ ಇವಳೇ ಮುಂದೆ! "ಬ್ಯಾಡ. ನಮ್ಮ ಹಿತ್ತಲದಾಗ ತೋಡ್ರಿ" ಎಂದೆ. ನನ್ನ ಮಗಳ ನೀರು ಅವಳ ಒಡೆದ ಟೈಲ್ಸಿನ ಋಣದಲ್ಲಿ ಬರುವುದು ಬೇಡವಾಗಿತ್ತು. ಎಲ್ಲರೂ ಅದನ್ನು ನನ್ನ ದೊಡ್ಡ ಗುಣವೆಂದುಕೊಂಡರು. ನಾನು ತಿದ್ದಲಿಲ್ಲ.

ಕುಣಿಯನ್ನು ಇವರೇ ತೋಡಿದರು. ಯಾರನ್ನೂ ಮುಟ್ಟಗೊಡಲಿಲ್ಲ. ಎಲೆಕ್ಟ್ರಿಷಿಯನ್ ಕಾಯಿಲ್ ಬದಲಿಸಿ, ಕರೆಂಟು ಸೋರಿದರೆ ತಾನೇ ಬಂದಾಗುವ ಸ್ವಿಚ್ಚನ್ನು ಎರಡೂ ಮನೆಗೆ ಕೂರಿಸಿದ. ಎರಡೂ ಮನೆಯ ತಂತಿ ನಮ್ಮ ಕುಣಿಗೇ ಬಂದು ಸೇರಿತು. ನೆಗೆಣ್ಣಿಯ ಮನೆಯ ಆಪತ್ತು ಇನ್ನು ಮೇಲೆ ನಮ್ಮ ಹಿತ್ತಲಲ್ಲಿ ಇಳಿಯಬೇಕು. ಇಂಥದ್ದೊಂದು ನನ್ನ ಪಾಲಿಗೂ ಬಂತಲ್ಲ ಎಂದು ಎದೆಯುಬ್ಬಿಸಿ ನಿಂತಿದ್ದೆ. ಅಷ್ಟರಲ್ಲಿ ಅವಳು ತುಂಬಿದ ಕೊಡ, ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದಳು. ಕುಣಿಯ ಅಂಚಿಗೆ ಕುಂಕುಮವಿಟ್ಟು, ಎರಡು ಹೂ ಏರಿಸಿ, "ಯಕ್ಕಾ, ನೀವು ದೊಡ್ಡವರು, ಮೊದಲ ನೀವು ನೀರು ಹಾಕ್ರಿ" ಎಂದಳು. ಊರಿಗೆಲ್ಲ ಪೂಜೆ ಹೇಳಿಕೊಡುವ ನನಗೆ ಅದು ಹೊಳೆದಿರಲಿಲ್ಲ. ನೀರು ಹಾಕಿದೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು. ಮಗಳು ನಮ್ಮ ಮನೆಗೇ ಬಂದಳು. ಮೊದಲ ದಿನ ಎರೆಯುವ ಮುಂಚೆ ನಾನೇ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದೆ. ಬಿಸಿ ಕಬ್ಬಿಣ, ಅಷ್ಟೇ. ಕಣ್ಣು ತುಂಬಿತು. ಆದರೆ ಎಳೆಗೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವ ಕೈ ನನ್ನದಲ್ಲ, ಅದು ನೆಗೆಣ್ಣಿಗೆ ಬಂದ ವಿದ್ಯೆ. ಕರೆಯದಿದ್ದರೂ ಬಂದಳು. ಸೀರೆ ಎತ್ತಿ ಕಟ್ಟಿ ಕೂತಳು. ನನ್ನ ಬಳಿ ಚೀರುತ್ತಿದ್ದ ಕೂಸು ಅವಳ ಕಾಲ ಮೇಲೆ ಬಿದ್ದದ್ದೇ ಸುಮ್ಮನಾಯಿತು. ಆಮೇಲೆ ಮಗಳ ಬೆನ್ನು ತಿಕ್ಕತೊಡಗಿದಳು.

"ಚಿಗವ್ವಾ, ಇನ್ನೊಂಚೂರು ಕೆಳಗ" ಎಂದಳು ಮಗಳು.

ನಾನು ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು ಬಾಗಿಲಲ್ಲೇ ನಿಂತಿದ್ದೆ.

"ಯವ್ವಾ, ಅಲ್ಲ್ಯಾಕ ನಿಂತಿ?"

"ನೀರು ಬೇಕಾದ್ರ ಕೊಡೂಣಂತ."

"ನಳದಾಗ ಬರಾಕತ್ತಾವಲ್ಲ" ಎಂದು ಮಗಳು ನಕ್ಕಳು. ನೆಗೆಣ್ಣಿಯೂ ನಕ್ಕಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದೆ. ನೆಗೆಣ್ಣಿಯ ಕೈಯಿಂದ ಚರಿಗೆ ಕಿತ್ತುಕೊಂಡೆ.

"ಅತ್ತಾಗ ಸರಿ. ನೀ ತಿಕ್ಕು, ನೀರು ನಾ ಹಾಕ್ತೀನಿ."