ರಸ್ತೆಯ ನಡುವೆ ಒಂದು ಕೂಗು

ನಮ್ಮ ಬಡಾವಣೆಯ ಮಕ್ಕಳ ಡಾಕ್ಟರನ್ನು ಕಂಡರೆ ನನಗಾಗುವುದಿಲ್ಲ. ಮೊದಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಒಬ್ಬರ ಬಗ್ಗೆ ಬರೆಯುವುದಕ್ಕೆ ಅವರ ಮೇಲೆ ಪ್ರೀತಿಯೇ ಇರಬೇಕೆಂದೇನೂ ಇಲ್ಲವಲ್ಲ. ಮೈಯುರಿಯೂ ಸಾಕು.

ಅವರಿಗೆ ಐವತ್ತು ದಾಟಿರಬಹುದು. ಗಿಡ್ಡ ಹೆಂಗಸು, ಮೋಟು ಕೂದಲು, ಕಾಲಿಗೆ ಯಾವಾಗ ನೋಡಿದರೂ ಅದೇ ಮಾಸಿದ ಬೂಟು. ಮದುವೆಯಾಗಿಲ್ಲ. ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ತಮ್ಮ ಅಕ್ಕನ ಜೊತೆ ಇದ್ದಾರೆ. ಆ ಅಕ್ಕನೇ ಕೆಳಗೆ ಬಂದು ಚೀಟಿ ಕೊಡುವುದು, ಫೋನ್ ಎತ್ತುವುದು, ತಂಗಿ ಬೈದು ಕಳಿಸಿದವರನ್ನು ಸಮಾಧಾನ ಮಾಡುವುದು. ಮೂರನೆಯದೇ ಅವರ ಮುಖ್ಯ ಕೆಲಸ ಅಂತ ನನ್ನ ಅಭಿಪ್ರಾಯ.

ಇಲ್ಲಿಗೆ ಬರುವ ಮುಂಚೆ ಡಾಕ್ಟರು ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂಳೆ ಮುರಿದ ಮಕ್ಕಳ ವಾರ್ಡಿನಲ್ಲಿದ್ದರಂತೆ. “ಹೊಲಿಯೋದು, ಪ್ಲಾಸ್ಟರ್ ಹಾಕೋದು, ಮತ್ತೆ ಅದೇ ರಸ್ತೆಗೆ ಕಳಿಸೋದು. ರಸ್ತೆ ನೋಡೋರು ಯಾರು?” ಎಂದು ಮೇಲಿನವರನ್ನು ಕೇಳಿದರಂತೆ. ಅದು ಡಾಕ್ಟರ ಕೆಲಸವಲ್ಲ ಎಂದು ಅವರು ಹೇಳಿದಾಗ ಕೋಟು ಬಿಚ್ಚಿ ಮೇಜಿನ ಮೇಲೆ ಒಗೆದು ಬಂದರಂತೆ. ಇದನ್ನು ಹೇಳಿದ್ದು ಅಕ್ಕ. ಜಗಳದ ಮಾತಾದ್ದರಿಂದ ನಾನು ಮರುಪ್ರಶ್ನೆ ಹಾಕದೆ ನಂಬಿದೆ.

ಬೇರೆ ಡಾಕ್ಟರೇ ಇಲ್ಲವೆ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಎರಡನೇ ತರಗತಿಯಲ್ಲಿರುವ ನನ್ನ ಮಗಳಿಗೆ ಇವರೇ ಬೇಕು. ನನ್ನ ಮಾತಿಗೆ ಮೂತಿ ಊದಿಸುವವಳು ಇವರು ಗದರಿದರೆ ಕಿಸಿಕಿಸಿ ನಗುತ್ತಾಳೆ. ಹೆತ್ತವಳ ಹೊಟ್ಟೆ ಉರಿಯುವುದಕ್ಕೆ ಇನ್ನೇನು ಬೇಕು?

ಒಮ್ಮೆ ಮೆಟ್ಟಿಲು ಹತ್ತುವಾಗ ಅವಳು ಏದುಸಿರು ಬಿಟ್ಟಳೆಂದು ಗಾಬರಿ ಬಿದ್ದು ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಅವಳ ಬೆನ್ನಿಗೆ ಕಿವಿಕೊಳವೆ ಇಟ್ಟು ಕೇಳಿದರು, ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ನನ್ನತ್ತ ತಿರುಗಿಯೂ ನೋಡದೆ ಅವಳನ್ನೇ ಕೇಳಿದರು.

“ಸ್ಕೂಲಿಗೆ ಹೆಂಗೆ ಹೋಗ್ತೀಯ ಮರಿ?”

“ಕಾರಲ್ಲಿ.”

“ಸ್ಕೂಲು ದೂರಾನಾ?”

“ಇಲ್ಲ, ನಮ್ಮ ಟೆರೇಸ್ ಮೇಲಿಂದ ಕಾಣ್ಸುತ್ತೆ.”

ಹೊರಗಡೆ ಕೂತಿದ್ದವರ ನಗು ನನಗೆ ಕೇಳಿಸಿತು. ಡಾಕ್ಟರು ಈಗ ನನ್ನತ್ತ ನೋಡಿದರು. “ಎದೆಗೂಡು ಗಟ್ಟಿಮುಟ್ಟಾಗಿದೆ. ಔಷಧಿ ಏನೂ ಬೇಡ. ನಡೆಸಿ.”

“ಆ ಮುಖ್ಯರಸ್ತೆ ದಾಟಬೇಕು ಡಾಕ್ಟ್ರೇ. ನೋಡಿದ್ದೀರಾ ನೀವು ಅದನ್ನ?”

“ನಾನು ದಿನಾ ಬೆಳಿಗ್ಗೆ ಮಕ್ಕಳನ್ನ ಅಲ್ಲೇ ದಾಟಿಸ್ತೀನಲ್ಲ. ನೀವು ಕಾರಿನ ಕಿಟಕಿ ಏರಿಸ್ಕೊಂಡು ಹೋಗ್ತಿರ್ತೀರ, ಕಂಡಿರಲ್ಲ.”

ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಮಗು ಆ ರಸ್ತೆಗೆ ಕಾಲಿಡಬಾರದು. ಅದಕ್ಕಾಗಿ ಯಾರ ಕಣ್ಣಿಗೆ ಕೆಟ್ಟವಳಾದರೂ ಸರಿ ಎಂದುಕೊಂಡೇ ಎದ್ದೆ. ಅಷ್ಟರಲ್ಲಿ ಅವರು ನಮ್ಮಿಬ್ಬರನ್ನೂ ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದರು. ಕಾಯುತ್ತಿದ್ದವರನ್ನೆಲ್ಲ ಎಬ್ಬಿಸಿ, ಅವರ ಕುರ್ಚಿಗಳನ್ನು ಎರಡು ಸಾಲಾಗಿ ಜೋಡಿಸಿ ಮೇಲೆ ಹಾಸಿಗೆಯ ಹೊದಿಕೆ ಎಳೆದರು. ಅವು ನಿಲ್ಲಿಸಿದ ಕಾರುಗಳಂತೆ, ನಡುವಿನದು ರಸ್ತೆಯಂತೆ.

“ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ.”

“ನಾನಾ?”

“ಮಗು ಎತ್ತರ ಮಗುಗೆ ಗೊತ್ತಿದೆ. ಗೊತ್ತಿಲ್ದೇ ಇರೋರು ನೀವು.”

ಅಷ್ಟು ಜನರೆದುರು ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಕೂತೆ. ಕಂಡದ್ದು ಹೊದಿಕೆ ಮಾತ್ರ. “ಮಗುಗೂ ಅಷ್ಟೇ ಕಾಣೋದು. ಡ್ರೈವರಿಗೆ ಮಗು ಅಷ್ಟೂ ಕಾಣಲ್ಲ,” ಎಂದರು. ಆಮೇಲೆ ನನ್ನ ಮಗಳಿಗೆ ಕಲಿಸಿದರು. ಕಾರಿನ ಹೊರ ಅಂಚಿಗೆ ಬಂದು ನಿಲ್ಲಬೇಕು, ಕತ್ತು ಚಾಚಿ ಎರಡೂ ಕಡೆ ನೋಡಬೇಕು, ಇನ್ನೊಮ್ಮೆ ನೋಡಬೇಕು, ಹೊರಟ ಮೇಲೆ ಓಡದೆ, ನಿಲ್ಲದೆ, ನೇರ ಹೋಗಬೇಕು. ಮಗು ಮುಂದೆ, ದೊಡ್ಡವರು ಹಿಂದೆ. ರಸ್ತೆಗಿಳಿಯುವ ಮುಂಚೆ ಮಗು ತಪ್ಪು ಮಾಡಿದರೆ ಬ್ಯಾಗು ಹಿಡಿದೆಳೆಯಬೇಕು. ಇಳಿದ ಮೇಲೆ ಮಾತ್ರ ತುಟಿ ಬಿಚ್ಚಬಾರದು.

“ಹೆಸರು ಹಿಡಿದು ಕೂಗಿದ್ರೆ ಮಗು ಯಾವ ಕಡೆ ತಿರುಗುತ್ತೆ? ಕೂಗಿದವರ ಕಡೆ. ಬರ್ತಿರೋ ಗಾಡಿ ಕಡೆ ಅಲ್ಲ. ಎಷ್ಟೋ ಅಮ್ಮಂದಿರು ಬಾಯಿಂದಾನೇ ಮಕ್ಕಳ ಕಾಲು ಮುರಿದಿದ್ದಾರೆ. ನಾನು ಕೂಡಿಸಿದ್ದೀನಿ.”

ಇಂಥ ಮಾತು ಕೇಳಿಸಿಕೊಂಡ ಮೇಲೂ ಚೀಟಿಯ ದುಡ್ಡು ಕೊಟ್ಟು ಬರಬೇಕಾಯಿತು.

ಮನೆಯಲ್ಲಿ ನನ್ನ ಪರ ಯಾರೂ ಇರಲಿಲ್ಲ. “ನಾವೆಲ್ಲ ನಡ್ಕೊಂಡೇ ಹೋಗಿದ್ದು,” ಎಂದರು ಅತ್ತೆ. “ನಿಮ್ಮ ಕಾಲದಲ್ಲಿ ರಸ್ತೆಗೆ ದನ ಅಡ್ಡ ಬರ್ತಿತ್ತು ಅತ್ತೆ, ಈಗ ಬಸ್ಸು ಬರುತ್ತೆ,” ಎಂದೆ. ಗಂಡ ಪತ್ರಿಕೆಯ ಹಿಂದೆ ಅಡಗಿಕೊಂಡರು. ಮಗಳು ಊಟ ಬಿಟ್ಟು ಹಟ ಹಿಡಿದಳು. ಓರಗೆಯವರೆಲ್ಲ ಡಾಕ್ಟರ ಜೊತೆ ಸಾಲಾಗಿ ಶಾಲೆಗೆ ನಡೆಯುತ್ತಾರೆ, ತಾನೊಬ್ಬಳೇ ಗಾಜಿನೊಳಗಿನ ಮೀನಂತೆ.

ಆ ಸಾಲಿನ ಮೇಲೆ ಸಿಟ್ಟಿದ್ದದ್ದು ನನಗೊಬ್ಬಳಿಗೇ ಅಲ್ಲ. ಕ್ಲಿನಿಕ್ ತೆರೆಯುವ ಮುಂಚೆ ಡಾಕ್ಟರು ಬೀದಿಬೀದಿ ಸುತ್ತಿ ಮಕ್ಕಳನ್ನು ಕೂಡಿಸಿಕೊಂಡು ಶಾಲೆಗೆ ನಡೆಸುತ್ತಿದ್ದರು. ಕೈಗಾಯ, ಕಾಲುಗಾಯವೆಂದು ಬಂದ ಪ್ರತಿ ಮಗುವನ್ನೂ ಎಲ್ಲಿ ಬಿದ್ದೆ, ತೋರಿಸು ಬಾ ಎಂದು ಆ ಜಾಗಕ್ಕೇ ಎಳೆದುಕೊಂಡು ಹೋಗುತ್ತಿದ್ದರು. ಮೂಲೆಯ ಕಸದ ತೊಟ್ಟಿ ಮಗುವಿನಷ್ಟೇ ಎತ್ತರವಿದೆ, ಅದರ ಹಿಂದೆ ನಿಂತ ಮಗು ಯಾರಿಗೂ ಕಾಣದು ಎಂದು ನಗರಸಭೆಯವರ ಪ್ರಾಣ ತಿಂದು ಅದನ್ನು ಎತ್ತಿಸಿದರು. ರಸ್ತೆಗೆ ಬಿಳಿ ಪಟ್ಟೆ ಬಳಿಸಿದರು. ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿದವರ ಕಿಟಕಿಯನ್ನು ಕುಟ್ಟಿ, “ನಿಮ್ಮ ಮಗು ಇಳಿಸೋಕೆ ಬೇರೆಯವರ ಮಗು ಮೇಲೆ ಹತ್ತಿಸ್ತೀರಾ?” ಎನ್ನುತ್ತಿದ್ದರು. ನನ್ನ ಕಿಟಕಿಯನ್ನೂ ಕುಟ್ಟಿದರು. ಒಬ್ಬ ತಂದೆ, “ಹೋಗಿ ಕೆಮ್ಮು ನೆಗಡಿ ನೋಡ್ಕೊಳ್ರೀ,” ಎಂದು ಗಾಜು ಏರಿಸಿದ. ಅಂದು ನನಗೆ ಆತನ ಮೇಲೆ ತುಂಬ ಗೌರವ ಹುಟ್ಟಿತು.

ನಾವೆಲ್ಲ ಕೂಡಿ ಹೆಡ್‌ಮಾಸ್ಟರ ಬಳಿ ಹೋದೆವು. ಮಾತಾಡಿದವಳು ನಾನೇ. ಹೆಡ್‌ಮಾಸ್ಟರು ಹಾವೂ ಸಾಯದ, ಕೋಲೂ ಮುರಿಯದ ಜಾತಿಯವರು. “ನೀವೇ ಒಂದು ದಿನ ಮಗಳನ್ನ ಕರ್ಕೊಂಡು ಆ ಸಾಲಲ್ಲಿ ಬನ್ನಿ. ಏನಾದ್ರೂ ಹೆಚ್ಚುಕಮ್ಮಿ ಕಂಡ್ರೆ ಹೇಳಿ, ಸಾಲನ್ನೇ ನಿಲ್ಲಿಸಿಬಿಡೋಣ,” ಎಂದರು. ಡಾಕ್ಟರು ಅಲ್ಲೇ ಇದ್ದರು. “ಬರ್ಲಿ. ಇವರಿಗೂ ಸ್ವಲ್ಪ ಉಸಿರಾಟಕ್ಕೆ ಒಳ್ಳೇದು,” ಎಂದರು.

ಮರುದಿನ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ನಾನು ನಡೆದೆ. ತಪ್ಪು ಹುಡುಕಲೆಂದೇ ಹೋಗಿದ್ದೆ. ಅದನ್ನು ಮುಚ್ಚಿಟ್ಟೂ ಇರಲಿಲ್ಲ. ಮುಖ್ಯರಸ್ತೆ ಸಿಕ್ಕಾಗ ಡಾಕ್ಟರು ಈಚೆ ಅಂಚಿನಲ್ಲಿ ಮಕ್ಕಳ ಹಿಂದೆ ನಿಂತರು, ಮಕ್ಕಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ನನ್ನ ಮಗಳ ಸರದಿ ಬಂತು. ಪಟ್ಟೆಯ ಪಕ್ಕದಲ್ಲೇ ಒಂದು ವ್ಯಾನು ನಿಂತಿತ್ತು. ಅವಳು ಅದರ ಹೊರ ಅಂಚಿಗೆ ಹೋಗಿ ನಿಂತಳು, ಕತ್ತು ಚಾಚಿದಳು, ನೋಡಿದಳು, ಮತ್ತೆ ನೋಡಿದಳು, ಹೊರಟಳು. ಬೆನ್ನ ಮೇಲಿನ ಬ್ಯಾಗಿಗೆ ಎರಡು ಕಾಲು ಬಂದ ಹಾಗೆ ಕಾಣುತ್ತಿತ್ತು. ಅರ್ಧ ದಾರಿ ಹೋಗಿದ್ದಳಷ್ಟೆ, ಪಕ್ಕದ ಗಲ್ಲಿಯಿಂದ ಬೈಕೊಂದು ರಸ್ತೆಯ ತಪ್ಪು ಬದಿಯಲ್ಲಿ ನುಗ್ಗಿತು. ನನ್ನ ಗಂಟಲು ಕಟ್ಟಿಹೋಯಿತು. ಮಗಳು ಬೈಕನ್ನು ಕಂಡಳು. ಕಂಡು ಹೆಜ್ಜೆ ಬಿರುಸು ಮಾಡಿದಳು. ಸವಾರನೂ ಅವಳನ್ನು ಕಂಡು ಅವಳ ಹಿಂದಿನಿಂದ ಹಾದುಹೋಗಲು ಹ್ಯಾಂಡಲ್ ತಿರುಗಿಸಿದ್ದ.

“ಮರೀ, ನಿಲ್ಲು!”

ಕೂಗಿದ್ದು ನಾನಲ್ಲ. ಡಾಕ್ಟರು.

ಮಗಳು ರಸ್ತೆಯ ನಟ್ಟನಡುವೆ ನಿಂತು ಅವರತ್ತ ತಿರುಗಿದಳು. ಬೈಕಿನ ಹಾದಿಗೆ ಸರಿಯಾಗಿ ಅಡ್ಡ. ಬ್ರೇಕು ಕಿರುಚಿತು, ಬೈಕಿನ ಕನ್ನಡಿ ಬ್ಯಾಗಿಗೆ ಬಡಿಯಿತು, ಅವಳು ಮಗುಚಿ ಬಿದ್ದಳು.

ಮಂಡಿ ತರಚಿತ್ತು, ಅಂಗೈ ಸುಲಿದಿತ್ತು, ಅಷ್ಟೇ. ಅಷ್ಟೇ ಎಂದು ಈಗ ಬರೆಯುತ್ತಿದ್ದೇನೆ. ಆಗ ಅವಳನ್ನು ಬಾಚಿಕೊಂಡು ಆ ಹೆಂಗಸಿನ ಮೇಲೆ ಹರಿಹಾಯ್ದೆ. “ನೀವೇ ಕೂಗಿದ್ರಿ! ಊರಿಗೆಲ್ಲ ಬುದ್ಧಿ ಹೇಳೋರು ನೀವೇ ಕೂಗಿದ್ರಿ!”

“ಹೌದು. ನಾನೇ,” ಎಂದರು.

ಕ್ಲಿನಿಕ್ಕಿನಲ್ಲಿ ಅವಳ ಮಂಡಿ ತೊಳೆಯುವಾಗ ಅವರ ಕೈಯಿಂದ ಹತ್ತಿ ಎರಡು ಬಾರಿ ನೆಲಕ್ಕೆ ಬಿತ್ತು. ಕೊನೆಗೆ ಅಕ್ಕ ಬಂದು ತಂಗಿಯನ್ನು ಪಕ್ಕಕ್ಕೆ ಸರಿಸಿ ತಾವೇ ಪಟ್ಟಿ ಕಟ್ಟಿದರು. ನನಗೆ ಮರುಕ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ಸಲ ಬೀಳಲಿ ಅನ್ನಿಸಿತು.

ಮಗಳಿಗೆ ಮಾತ್ರ ಅಳುವಿಗಿಂತ ಅನ್ಯಾಯವೇ ದೊಡ್ಡದಾಗಿತ್ತು. “ನಾನು ಸರಿಯಾಗಿ ಹೋಗ್ತಿದ್ದೆ. ಡಾಕ್ಟ್ರಾಂಟಿ, ಯಾಕೆ ಕರೆದ್ರಿ?”

“ಹೆದರಿಬಿಟ್ಟೆ ಮರಿ.”

“ನೀವೂ ಹೆದರ್ತೀರಾ?”

“ನಿಮ್ಮಮ್ಮನಷ್ಟೇ.” ಆಮೇಲೆ ನನಗೆ ಹೇಳಿದರು. “ಹೋಗಿ ಹೇಳಿ ಹೆಡ್‌ಮಾಸ್ಟರಿಗೆ. ನಡೆದಿದ್ದು ನಡೆದ ಹಾಗೇ ಹೇಳಿ. ಮಗು ತಪ್ಪು ಅಂತ ಮಾತ್ರ ಯಾರೂ ಅನ್ನಬಾರದು.”

ನಾನು ಹೋಗುವ ಮೊದಲೇ ಅವರು ಹೋಗಿ ಹೇಳಿದ್ದರು. ಸಂಜೆ ಶಾಲೆಯಲ್ಲಿ ನಾವೆಲ್ಲ ಸೇರಿದಾಗ ಹೆಡ್‌ಮಾಸ್ಟರು ಸಾಲು ನಿಲ್ಲಿಸುವ ಮಾತನ್ನು ಆಗಲೇ ಬಾಯಲ್ಲಿಟ್ಟುಕೊಂಡು ಕೂತಿದ್ದರು. ಗಾಜು ಏರಿಸಿದ್ದ ಆ ತಂದೆ, “ನಾನು ಅವತ್ತೇ ಹೇಳಿದ್ದೆ. ಅಷ್ಟು ಚಿಕ್ಕ ಮಕ್ಕಳಿಗೆ ರಸ್ತೆ ಎಲ್ಲಿ ತಿಳಿಯುತ್ತೆ?” ಎಂದ. ಎಲ್ಲರೂ ನನ್ನತ್ತ ನೋಡಿದರು. ನಾನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಮಗಳು ಮತ್ತೆ ಆ ರಸ್ತೆಗೆ ಇಳಿಯುತ್ತಿರಲಿಲ್ಲ.

ಆದರೆ ಆ ಮಾತು ಸುಳ್ಳಾಗಿತ್ತು. ಅವಳಿಗೆ ರಸ್ತೆ ತಿಳಿದಿತ್ತು. ಅವಳು ಬೈಕು ನೋಡಿದ್ದನ್ನು, ಹೆಜ್ಜೆ ಬಿರುಸು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಲ್ಲಿ ನಮ್ಮೆಲ್ಲರ ಪೈಕಿ ಸರಿಯಾಗಿ ನಡೆದುಕೊಂಡವಳು ಅವಳೊಬ್ಬಳೇ. ಅವಳಿಗೇ ಶಿಕ್ಷೆ ಎಂದರೆ ಹೇಗೆ?

“ರಸ್ತೆ ತಿಳಿಯದೇ ಇರೋದು ತಪ್ಪು ಬದೀಲಿ ಬಂದವನಿಗೆ,” ಎಂದೆ ಆತನಿಗೆ. “ಮತ್ತೆ ಗೇಟಿನ ಮುಂದೆ ಕಾರು ತಂದು ನಿಲ್ಲಿಸೋರಿಗೆ. ಸಾಲು ನಿಲ್ಲಿಸೋದು ಬೇಡ ಸಾರ್. ಆದ್ರೆ ಮುಖ್ಯರಸ್ತೆಯ ಹತ್ರ ಮಕ್ಕಳ ಹಿಂದೆ ಡಾಕ್ಟ್ರು ನಿಲ್ಲೋದು ಬೇಡ. ಅಲ್ಲಿ ನಾನು ನಿಲ್ತೀನಿ.”

ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ನೀವಾ? ಬಾಯಿ ಮುಚ್ಕೊಂಡಿರೋಕೆ ಆಗುತ್ತಾ ನಿಮ್ಮ ಕೈಲಿ?”

“ಇವತ್ತು ಯಾರ ಕೈಲಾಯ್ತು, ಯಾರ ಕೈಲಾಗ್ಲಿಲ್ಲ ಅಂತ ಎಲ್ರೂ ಕೇಳಿದ್ದಾರಲ್ಲ.”

ನನ್ನ ಗಂಟಲು ಕಟ್ಟಿದ್ದರಿಂದ ಮಾತ್ರ ನಾನು ಕೂಗಲಿಲ್ಲ ಎಂಬುದನ್ನು ಅವರಿಗೆ ಹೇಳಲು ಹೋಗಲಿಲ್ಲ. ಎದುರಾಳಿಗೆ ಎಲ್ಲವನ್ನೂ ಬಿಚ್ಚಿಡಬೇಕೆಂದೇನಿದೆ? ಅವರು ನನ್ನ ಕಾಲಿನತ್ತ ನೋಡಿದರು. “ಆಯ್ತು. ಬೂಟು ಹಾಕ್ಕೊಂಡು ಬನ್ನಿ. ಆ ಚಪ್ಪಲಿ ನಡಿಯೋಕಲ್ಲ, ಕಾರಲ್ಲಿ ಕೂರೋಕೆ,” ಎಂದು ಎದ್ದು ಹೋದರು.

ಈಗ ಮುಖ್ಯರಸ್ತೆಯ ಈಚೆ ದಡ ನನ್ನದು. ಬೀದಿಗಳಿಂದ ಮಕ್ಕಳನ್ನು ಕೂಡಿಸಿ ತರುವುದು ಅವರ ಕೆಲಸ. ಬಿಳಿ ಪಟ್ಟೆ ಸಿಗುವ ಮುಂಚೆ ಅವರು ಹಿಂದೆ ಸರಿಯುತ್ತಾರೆ, ನಾನು ಮುಂದೆ ಹೋಗುತ್ತೇನೆ. ಪಾಳಿ ಬದಲಾಗುವ ಕಾವಲುಗಾರರಾದರೂ ಒಂದು ಮಾತು ಆಡುತ್ತಾರೆ, ನಾವು ಆಡುವುದಿಲ್ಲ. ಮೊನ್ನೆ ಮಾತ್ರ, ಮಗಳಿಗೆ ಸೈಕಲ್ ಕಲಿಸಿ, ಸೀಟು ತಗ್ಗಿಸಿ ಕಾಲು ನೆಲಕ್ಕೆ ಮುಟ್ಟುವ ಹಾಗೆ ಇಡಿ ಎಂದರು. ನಿಮ್ಮನ್ನು ಕೇಳಿದವರು ಯಾರು ಎಂದೆ.

ಮಗಳು ದಿನವೂ ಕೊನೆಯಲ್ಲಿ ದಾಟುತ್ತಾಳೆ. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಲ್ಲುತ್ತೇನೆ, ಇವತ್ತಿಗೂ. ಅವಳು ನಿಲ್ಲುತ್ತಾಳೆ, ನೋಡುತ್ತಾಳೆ, ಹೊರಡುತ್ತಾಳೆ. ಆಚೆ ದಡ ಮುಟ್ಟಿದ ಮೇಲೆ ಗೆಳತಿಯ ಕೈ ಹಿಡಿದು ಏನೋ ಹರಟುತ್ತ ಗೇಟಿನೊಳಗೆ ಹೋಗುತ್ತಾಳೆ. ನಾನು ಅಲ್ಲಿ ನಿಂತಿದ್ದೇನೆಂಬುದು ಅವಳಿಗೆ ನೆನಪಿರುವುದಿಲ್ಲ.