ಹನುಮವ್ವನ ಭಾನುವಾರ

ಎಲ್ಲಾದರೂ ಕುಕ್ಕರ್ ಸೀಟಿ ಹೊಡೆದರೆ ನಿಮಗೆ ಹಸಿವಾಗಬಹುದು. ನನಗೆ ಹಲ್ಲು ಜುಮ್ಮೆನ್ನುತ್ತದೆ. ತಾರ್ನಾಕದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಕುಕ್ಕರ್‌ಗಳಿದ್ದವು. ಒಂದರಲ್ಲಿ ಬೇಳೆ ಬೇಯುತ್ತಿತ್ತು. ಹಿಡಿಗೆ ಕೆಂಪು ದಾರ ಕಟ್ಟಿದ ಇನ್ನೊಂದರಲ್ಲಿ, ಪ್ರತಿ ಶನಿವಾರ ಸಂಜೆ, ಅಪ್ಪನ ಇಕ್ಕಳ, ಕೊಕ್ಕೆ, ಪುಟ್ಟ ಕನ್ನಡಿಗಳು ಬೇಯುತ್ತಿದ್ದವು. ಅವ್ವ ಅವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಗಡಿಯಾರ ನೋಡುತ್ತ ಒಲೆಯ ಮುಂದೆಯೇ ನಿಂತಿರುತ್ತಿದ್ದಳು. ಬಿಸಿ ಉಕ್ಕಿನ ವಾಸನೆಯೂ ಲವಂಗದ ಎಣ್ಣೆಯ ವಾಸನೆಯೂ ಸೇರಿ ಅಡುಗೆಮನೆಯ ಗೋಡೆಗೇ ಹತ್ತಿಕೊಂಡುಬಿಟ್ಟಿದ್ದವು. ಆ ಮನೆ ಈಗಿಲ್ಲ, ಅಲ್ಲೊಂದು ಐದು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿದೆ.

ಅಪ್ಪ ಹಲ್ಲಿನ ಡಾಕ್ಟರು. ರಾಯಚೂರು ಬಿಟ್ಟು ಬಂದು ನಾರಾಯಣಗೂಡದಲ್ಲಿ ಕ್ಲಿನಿಕ್ ಇಟ್ಟಿದ್ದ. ಭಾನುವಾರ ಅದಕ್ಕೆ ಬೀಗ ಹಾಕಿ, ಹಳೆಯದೊಂದು ವ್ಯಾನಿನಲ್ಲಿ ಕುರ್ಚಿ ಹೇರಿಕೊಂಡು, ನನ್ನನ್ನೂ ಕೂರಿಸಿಕೊಂಡು, ಊರಾಚೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಡೆ ಹೋಗುತ್ತಿದ್ದ. ಅಲ್ಲಿ ತಗಡಿನ ಶೆಡ್ಡುಗಳಲ್ಲಿ ನಮ್ಮ ಸೀಮೆಯಿಂದಲೇ ಬಂದ ಕೂಲಿಗಳ ಮಕ್ಕಳಿದ್ದರು. ಅವರಿಗೆಲ್ಲ ಪುಕ್ಕಟೆ ಚಿಕಿತ್ಸೆ. ಅಪ್ಪನದೊಂದು ಪದ್ಧತಿಯಿತ್ತು: ಮೊದಲ ದಿನ ಯಾವ ಮಗುವಿನ ಹಲ್ಲನ್ನೂ ಕೀಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಕನ್ನಡಿಯನ್ನು ಮಗುವಿನ ಕೈಗೇ ಕೊಟ್ಟು, ಹಲ್ಲು ಎಣಿಸಿ, ಹೆಸರು, ಹಲ್ಲಿನ ಲೆಕ್ಕ, ಮತ್ತೆ ಬರಬೇಕಾದ ದಿನ ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕಳಿಸುತ್ತಿದ್ದ. ಒಮ್ಮೆ ಹೆದರಿದ ಮಗು ಮತ್ತೆ ಬಾಯಿ ತೆರೆಯುವುದಿಲ್ಲ ಅನ್ನುತ್ತಿದ್ದ. ಬರುತ್ತೇನೆಂದು ಮಾತು ಕೊಟ್ಟರೆ ಜ್ವರವಿದ್ದರೂ ಹೋಗುತ್ತಿದ್ದ. ಅವನ ಹೆಮ್ಮೆಯೆಲ್ಲ ಅದರಲ್ಲೇ ಇತ್ತು.

ಹನುಮವ್ವನಿಗೆ ನನ್ನಷ್ಟೇ ವಯಸ್ಸು, ಒಂಬತ್ತಿರಬಹುದು. ಒಂದು ಕೆನ್ನೆ ಪೇರಲಹಣ್ಣಿನಷ್ಟು ಊದಿತ್ತು. ಇಕ್ಕಳ ನೋಡಿದ್ದೇ ಅಳಲು ಶುರುಮಾಡಿದಳು.

“ಹೆದರಬ್ಯಾಡವಾ, ಇವತ್ತ ಬರೇ ಎಣಸ್ತೀನಿ. ಗುಳಿಗಿ ತಗೋ, ಊತ ಇಳೀಲಿ. ಬರೂ ಐತವಾರ ಕೀಳೂಣಂತ,” ಎಂದ ಅಪ್ಪ.

ಅವಳೂ ಜೊತೆಗೆ ಎಣಿಸಿದಳು. ಇಪ್ಪತ್ತರ ಮುಂದೆ ಅವಳಿಗೆ ಲೆಕ್ಕ ಬರುತ್ತಿರಲಿಲ್ಲ, ಉಳಿದದ್ದನ್ನು ನಾನು ಹೇಳಿಕೊಟ್ಟೆ. ವ್ಯಾನಿನಿಂದ ಇಳಿಯುವಾಗ ತಿರುಗಿ, “ಖರೇ ಬರ್ತೀರೇನ್ರಿ?” ಎಂದು ಕೇಳಿದಳು. ಅಪ್ಪ “ಖರೇನ” ಎಂದ.

ಆ ವಾರವೇ ಆ ಗಾಜಿನ ಕಟ್ಟಡಗಳ ಕಂಪನಿಯೊಂದರ ಮೇಡಂ ನಮ್ಮ ಮನೆಗೆ ಬಂದಳು. ಅಪ್ಪನ ಸೇವೆಗೆ ಕಂಪನಿ ಹೊಸ ವ್ಯಾನು ಕೊಡುತ್ತದಂತೆ, ಹೊಸ ಯಂತ್ರಗಳ ಸಮೇತ. ಅದಕ್ಕೆ ಆ ಬರುವ ಭಾನುವಾರವೇ ಅವರ ಹುಲ್ಲುಹಾಸಿನ ಮೇಲೆ ನಡೆಯುವ ಸಮಾರಂಭಕ್ಕೆ ಅಪ್ಪ ವ್ಯಾನು, ಕುರ್ಚಿ ತರಬೇಕಂತೆ. ಅವಳು ಹೋದ ಮೇಲೆ ಅವ್ವ, “ಆ ಹುಡುಗಿಗೆ ಬರ್ತೀನಂತ ಹೇಳೀರಲ್ರಿ?” ಎಂದಳು. “ಗುಳಿಗಿ ಕೊಟ್ಟೀನಲ್ಲ, ಒಂದ ವಾರದಾಗ ಏನ ಆಗತೈತಿ? ಹೊಸ ವ್ಯಾನ್ ಬಂದ್ರ ಅಂಥಾ ನೂರು ಮಕ್ಕಳಿಗೆ ಆಗತೈತಿ,” ಎಂದ ಅಪ್ಪ. ಶನಿವಾರ ಅವ್ವ ಎಂದಿನಂತೆ ಕೆಂಪು ದಾರದ ಕುಕ್ಕರ್ ಇಟ್ಟಳು.

ಸಮಾರಂಭದಲ್ಲಿ ಫೋಟೋದವನು ಕುರ್ಚಿಗೊಂದು ಮಗು ಬೇಕೆಂದ. ಕೂಲಿ ಮಕ್ಕಳನ್ನು ಗೇಟಿನೊಳಗೆ ಬಿಡುವಂತಿರಲಿಲ್ಲ. ಮೇಡಂ ನನ್ನನ್ನು ನೋಡಿದಳು. ನನ್ನ ರಿಬ್ಬನ್ ಬಿಚ್ಚಿ, ಕೂದಲು ಕೆದರಿ, ಚಪ್ಪಲಿ ತೆಗೆಸಿ ಕೂರಿಸಿದಳು. ಅಪ್ಪ ನನ್ನ ಕಣ್ಣು ತಪ್ಪಿಸಿ, “ಬಾಯಿ ತಗಿ” ಎಂದ. ತೆರೆದೆ. ಹಲ್ಲಿನ ಡಾಕ್ಟರ ಮಗಳು ನಾನು, ಒಂದೂ ಹುಳುಕಿಲ್ಲದ ಬಾಯಿ. ಸುಳ್ಳೇಕೆ, ಆ ದಿನ ನನಗೆ ಖುಷಿಯಾಗಿತ್ತು. ಎರಡು ಸಲ ಕೇಕ್ ಹಾಕಿಸಿಕೊಂಡು ತಿಂದೆ.

ಮುಂದಿನ ಭಾನುವಾರ ಶೆಡ್ಡಿನ ಹತ್ತಿರ ಹೋದಾಗ ಹನುಮವ್ವ ಕಾಣಲಿಲ್ಲ. ಪಕ್ಕದ ಶೆಡ್ಡಿನ ಹೆಂಗಸು ವ್ಯಾನಿನ ಬಾಗಿಲಿಗೆ ಬಂದು ನಿಂತಳು. “ಹ್ವಾದ ಐತವಾರ ಮುಂಜಾನಿಂದ ರೋಡಿಗೇ ಕುಂತಿದ್ಲರಿ. ಅವರಪ್ಪ ದವಾಖಾನಿಗೆ ಹೋಗೂಣು ಬಾ ಅಂದ್ರ ಒಲ್ಲೆ ಅಂದ್ಲು. ಡಾಕ್ಟರು ಖರೇ ಬರ್ತೀನಿ ಅಂದಾರ, ಅವರ ಕೈಲೇ ಕೀಳಸ್ಕೋತೀನಿ ಅಂದ್ಲು.” ರಾತ್ರಿಯೊಳಗೆ ಊತ ಕುತ್ತಿಗೆಗೆ ಇಳಿದು ಉಸಿರು ಕಟ್ಟಿತಂತೆ. ದೊಡ್ಡಾಸ್ಪತ್ರೆಗೆ ಒಯ್ದರೂ ಆಗಲಿಲ್ಲ. “ಮಂಗಳವಾರ ಹ್ವಾದ್ಲರಿ. ಮಣ್ಣು ಮಾಡಾಕ ಊರಿಗೆ ಒಯ್ದಾರ.”

ಅಪ್ಪ ಕನ್ನಡಿಯನ್ನು ಒರೆಸಿದ, ಮತ್ತೆ ಒರೆಸಿದ. ಆಮೇಲೆ ಸಾಲಿನಲ್ಲಿದ್ದ ಹೊಸ ಮಕ್ಕಳ ಕೆಟ್ಟ ಹಲ್ಲುಗಳನ್ನು ಅಂದೇ ಕಿತ್ತ. ಮಕ್ಕಳು ಚೀರಿದವು, ತಾಯಂದಿರು ಹಿಡಿದುಕೊಂಡರು. ಯಾರನ್ನೂ ಬರೀ ಎಣಿಸಿ ಕಳಿಸಲಿಲ್ಲ.

ಹೊಸ ವ್ಯಾನೂ ಬಂತು. ಅಪ್ಪ ಅದರಲ್ಲಿ ಎರಡು ವರ್ಷ ತಿರುಗಿದ. ಆದರೆ ಮುಂದಿನ ವಾರ ಬರುತ್ತೇನೆಂದು ಯಾವ ಮಗುವಿಗೂ ಹೇಳಲಿಲ್ಲ. ನನಗೆ ಅವನ ಮೇಲೆ ಬಹಳ ವರ್ಷ ಸಿಟ್ಟಿತ್ತು. ಗಾಜಿನ ಕಟ್ಟಡದವರ ಮೇಲಿನದು ಇವತ್ತಿಗೂ ಇಳಿದಿಲ್ಲ. ಕೇಕ್ ತಿಂದ ಹುಡುಗಿಯ ಮೇಲೆ ಇರುವುದನ್ನು ಸಿಟ್ಟು ಎನ್ನಬೇಕೋ ಏನೋ ಗೊತ್ತಿಲ್ಲ. ಅಪ್ಪನಾಗಲಿ ನಾನಾಗಲಿ ಹನುಮವ್ವನ ಹೆಸರನ್ನು ಮನೆಯಲ್ಲಿ ಎತ್ತಲೇ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಅವನ ಕಪಾಟು ಖಾಲಿ ಮಾಡುವಾಗ ಕಂಪನಿಯ ಆ ವರ್ಷದ ಕ್ಯಾಲೆಂಡರ್ ಸಿಕ್ಕಿತು. ಅದರಲ್ಲಿ ಅಪ್ಪನ ಕುರ್ಚಿ, ನನ್ನ ಬರಿಗಾಲು, ನನ್ನ ಫ್ರಾಕು. ಬಡ ಬಾಲಕಿಗೆ ಉಚಿತ ಚಿಕಿತ್ಸೆ ಎಂದು ಕೆಳಗೆ ಅಚ್ಚಾಗಿತ್ತು. ನನ್ನ ಮುಖ ಮಾತ್ರ ಕಾಣುತ್ತಿರಲಿಲ್ಲ. ಅದರ ಮೇಲೆ ಅಪ್ಪ ಒಂದು ಚೀಟಿ ಅಂಟಿಸಿದ್ದ: ಹನುಮವ್ವ, ಇಪ್ಪತ್ತನಾಲ್ಕು ಹಲ್ಲು, ಭಾನುವಾರ.